ಆರೋಗ್ಯ ಕೇಂದ್ರ ಎಲ್ಲಿರಬೇಕು: ನಕ್ಷೆಯನ್ನು ಕೇಳುವ ಬಗೆ

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ಸದಸ್ಯ. ನಮ್ಮ ಭಾಗಕ್ಕೆ ಹೊಸ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದು ಕೇಳುತ್ತಿದ್ದೇವೆ. ದಾನಿಯೊಬ್ಬರು ಮುಖ್ಯರಸ್ತೆಯ ಪಕ್ಕ ಜಮೀನು ಕೊಡಲು ಒಪ್ಪಿದ್ದಾರೆ. ಹಳ್ಳದ ಆಚೆಯ ಹಟ್ಟಿಗಳವರು ಮಾತ್ರ ತಮ್ಮ ಕಡೆಯ ಸರ್ಕಾರಿ ಜಾಗದಲ್ಲೇ ಆಗಲಿ ಎನ್ನುತ್ತಾರೆ. ಜಿಐಎಸ್ ಬಳಸಿ ಇದನ್ನು ತೀರ್ಮಾನಿಸಬಹುದೇ?

ಉತ್ತರ: ತೀರ್ಮಾನ ನಿಮ್ಮದೇ, ಆದರೆ ಎರಡು ಜಾಗಗಳಿಂದ ಯಾರಿಗೆ ಎಷ್ಟು ಅನುಕೂಲ, ಯಾರು ಹೊರಗುಳಿಯುತ್ತಾರೆ ಎಂಬುದನ್ನು ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಲೆಕ್ಕ ಹಾಕಿ ತೋರಿಸಬಲ್ಲದು.

ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳ ಪ್ರಕಾರ ಬಯಲು ಪ್ರದೇಶದಲ್ಲಿ 30,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. 2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನಸಾಂದ್ರತೆ ಚದರ ಕಿಲೋಮೀಟರಿಗೆ ಸುಮಾರು 197. ಈ ಲೆಕ್ಕದಲ್ಲಿ 30,000 ಜನ ಸೇರಬೇಕಾದರೆ ಸುಮಾರು 150 ಚದರ ಕಿಲೋಮೀಟರ್ ನೆಲ ಬೇಕು. ಕೇಂದ್ರ ನಟ್ಟನಡುವೆ ಇದ್ದರೂ ಅಂಚಿನವರಿಗೆ ನೇರ ಗೆರೆಯಲ್ಲಿ 7 ಕಿಲೋಮೀಟರ್ ದೂರವಾಗುತ್ತದೆ. ಜನಸಂಖ್ಯೆಯ ಮಾನದಂಡ ಪೂರೈಸಿದೆ ಎಂದು ಕಡತದಲ್ಲಿ ಬರೆದ ಮಾತ್ರಕ್ಕೆ ಹಟ್ಟಿಯ ಬಾಣಂತಿಗೆ ಆಸ್ಪತ್ರೆ ಹತ್ತಿರವಾಗುವುದಿಲ್ಲ.

ಆದ್ದರಿಂದ ಅಳೆಯಬೇಕಾದದ್ದು ದೂರವನ್ನಲ್ಲ, ತಲುಪಲು ಹಿಡಿಯುವ ಸಮಯವನ್ನು. ಒಂದು ಹಟ್ಟಿಯಿಂದ ಕೇಂದ್ರಕ್ಕೆ ನೇರ ಗೆರೆಯಲ್ಲಿ 8 ಕಿಲೋಮೀಟರ್ ಎಂದುಕೊಳ್ಳೋಣ. ವಾಸ್ತವದಲ್ಲಿ 2 ಕಿಲೋಮೀಟರ್ ಬಂಡಿ ಜಾಡಿನಲ್ಲಿ ನಡೆದು, ಆಮೇಲೆ 12 ಕಿಲೋಮೀಟರ್ ಡಾಂಬರು ರಸ್ತೆಯಲ್ಲಿ ಹೋಗಬೇಕು. ಗಂಟೆಗೆ 4 ಕಿಲೋಮೀಟರಿನಂತೆ ನಡಿಗೆಗೆ ಅರ್ಧ ಗಂಟೆ, ಗಂಟೆಗೆ 30 ಕಿಲೋಮೀಟರಿನಂತೆ ವಾಹನಕ್ಕೆ 24 ನಿಮಿಷ. ಬಸ್ಸಿಗೆ ಕಾಯುವ ಹೊತ್ತು ಬೇರೆ. ಜನವಸತಿ, ರಸ್ತೆ, ಹಳ್ಳ, ಗುಡ್ಡ, ಈಗಿರುವ ಆಸ್ಪತ್ರೆಗಳು ಇವೆಲ್ಲವನ್ನೂ ಒಂದರ ಮೇಲೊಂದು ಪದರವಾಗಿ ಇಟ್ಟು, ನೆಲವನ್ನು ಸಣ್ಣ ಚೌಕಗಳಾಗಿ ಒಡೆದು, ಪ್ರತಿಯೊಂದು ಚೌಕ ದಾಟಲು ಎಷ್ಟು ಹೊತ್ತು ಬೇಕೆಂದು ಕೂಡಿಸುತ್ತ ಹೋದರೆ ಅರ್ಧ ಗಂಟೆಯೊಳಗಿನ ಪ್ರದೇಶ ಯಾವುದು, ಹೊರಗಿನದು ಯಾವುದು ಎಂಬುದು ಬಣ್ಣಗಳಲ್ಲಿ ಎದ್ದು ಕಾಣುತ್ತದೆ. ನಿಮ್ಮ ಹಳ್ಳಕ್ಕೆ ಸೇತುವೆ ಇಲ್ಲದಿದ್ದರೆ ಈ ಲೆಕ್ಕವನ್ನು ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಬೇರೆಯಾಗಿಯೇ ಮಾಡಿಸಿ. ಹಳ್ಳ ತುಂಬಿದ ದಿನ ಆಚೆಯ ಹಟ್ಟಿಗಳು ಸುತ್ತು ದಾರಿ ಹಿಡಿಯಬೇಕಾಗುವುದರಿಂದ ಎರಡು ನಕ್ಷೆಗಳೂ ಒಂದೇ ಆಗಿರಲಾರವು.

ಇನ್ನು ಜಾಗದ ಆಯ್ಕೆ. ಎಲ್ಲರ ಪ್ರಯಾಣವನ್ನು ಕೂಡಿಸಿ ಒಟ್ಟು ಕಡಿಮೆಯಾಗುವ ಜಾಗ ಹುಡುಕುವುದು ಒಂದು ವಿಧಾನ. ನಿಗದಿತ ಸಮಯದೊಳಗೆ ಅತಿ ಹೆಚ್ಚು ಜನ ತಲುಪಬಲ್ಲ ಜಾಗ ಹುಡುಕುವುದು 1974ರಲ್ಲಿ ಚರ್ಚ್ ಮತ್ತು ರೆವೆಲ್ ಎಂಬ ಸಂಶೋಧಕರು ರೂಪಿಸಿದ ಇನ್ನೊಂದು ವಿಧಾನ. ಎರಡರಲ್ಲೂ ತಲೆ ಎಣಿಕೆಯೇ ಮುಖ್ಯವಾಗುವುದರಿಂದ ದೊಡ್ಡ ಊರೇ ಗೆಲ್ಲುವ ಸಂಭವ ಹೆಚ್ಚು. ನನ್ನ ಅಭಿಪ್ರಾಯದಲ್ಲಿ, ಈಗಾಗಲೇ ಬೇರೊಂದು ಆಸ್ಪತ್ರೆಗೆ ಅರ್ಧ ಗಂಟೆಯಲ್ಲಿ ಹೋಗಬಲ್ಲವರನ್ನು ಮೊದಲು ಲೆಕ್ಕದಿಂದ ತೆಗೆದು, ಉಳಿದವರಲ್ಲಿ ಎಷ್ಟು ಜನರನ್ನು ಯಾವ ಜಾಗ ಒಳಗೆ ತರುತ್ತದೆ ಎಂದು ನೋಡುವುದೇ ನ್ಯಾಯ. ದಾನದ ಜಮೀನು ಈ ಪರೀಕ್ಷೆಯಲ್ಲಿ ಗೆದ್ದರೆ ಸಂತೋಷದಿಂದ ಪಡೆಯಿರಿ. ಉಚಿತವಾಗಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಕಟ್ಟಡ ಅಲ್ಲಿ ಏಳಬಾರದು.

ನಕ್ಷೆಯನ್ನು ಜಿಲ್ಲೆಯ ಗಡಿಗೆ ನಿಲ್ಲಿಸಬೇಡಿ ಎಂದೂ ಹೇಳಬೇಕು. ಮೊಳಕಾಲ್ಮುರು ತಾಲ್ಲೂಕಿಗೆ ಆಂಧ್ರದ ರಾಯದುರ್ಗ ಹತ್ತಿರ. ಹರಪನಹಳ್ಳಿ 2018ರಲ್ಲಿ ದಾವಣಗೆರೆ ಜಿಲ್ಲೆಯಿಂದ ಬೇರೆಯಾದರೂ ದಾವಣಗೆರೆಗೆ ಹೋಗುವ ದಾರಿ ಬದಲಾಗಿಲ್ಲ. ಹಾಗೆಯೇ ವೈದ್ಯರ ಹುದ್ದೆ ಖಾಲಿ ಇರುವ ಕೇಂದ್ರವನ್ನು ಆಸ್ಪತ್ರೆ ಎಂದು ಗುರುತಿಸಿದರೆ ಸುತ್ತಲಿನವರಿಗೆಲ್ಲ ಸೇವೆ ಸಿಗುತ್ತಿದೆ ಎಂಬ ಸುಳ್ಳು ಚಿತ್ರ ಮೂಡುತ್ತದೆ.

ಪ್ರಶ್ನೆ: ಜಗಳೂರು ತಾಲ್ಲೂಕಿನಲ್ಲಿ ಆಶಾ ಕಾರ್ಯಕರ್ತೆಯಾಗಿದ್ದೇನೆ. ನಮ್ಮ ರಿಜಿಸ್ಟರಿನಲ್ಲಿರುವ ಮಾಹಿತಿ ಇಂಥ ಕೆಲಸಕ್ಕೆ ಬರುತ್ತದೆಯೇ?

ಉತ್ತರ: ಖಂಡಿತ ಬರುತ್ತದೆ, ತಾಯಿ. ಜನಗಣತಿಯ ಅಂಕಿಅಂಶ ಕಂದಾಯ ಗ್ರಾಮದ ಲೆಕ್ಕದಲ್ಲಿರುವುದರಿಂದ ಹಟ್ಟಿ, ತಾಂಡಾಗಳ ಜನ ಮೂಲ ಊರಿನ ಸಂಖ್ಯೆಯಲ್ಲೇ ಕರಗಿ ಹೋಗಿರುತ್ತಾರೆ. ಅವರನ್ನು ಬೇರೆಯಾಗಿ ಎಣಿಸಿಟ್ಟವರು ನೀವು. ಪ್ರತಿ ಹಟ್ಟಿಯ ನಡುವೆ ನಿಂತು ಮೊಬೈಲಿನಲ್ಲಿ ಕಾಣುವ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಪಕ್ಕದಲ್ಲಿ ಮನೆಗಳ ಸಂಖ್ಯೆ, ಒಟ್ಟು ಜನ, ಗರ್ಭಿಣಿಯರ ಸಂಖ್ಯೆ, 108 ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಸೇರಿಸಿ. ಇದನ್ನು ನಕ್ಷೆಗೆ ಏರಿಸಲು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶವಿದೆ. ಪ್ರಯಾಣದ ಸಮಯ ಲೆಕ್ಕ ಹಾಕಲು ವಿಶ್ವ ಆರೋಗ್ಯ ಸಂಸ್ಥೆಯ ಆಕ್ಸೆಸ್‌ಮಾಡ್ ಕೂಡ ಉಚಿತವೇ. ಹತ್ತಿರದ ಎಂಜಿನಿಯರಿಂಗ್ ಅಥವಾ ಭೂಗೋಳ ಶಾಸ್ತ್ರದ ವಿದ್ಯಾರ್ಥಿಗಳು ಈ ಕೆಲಸದಲ್ಲಿ ನೆರವಾಗಬಲ್ಲರು. ಆದರೆ ಯಾರ ಹೆಸರೂ, ಯಾರ ಕಾಯಿಲೆಯೂ ಆ ಪಟ್ಟಿಯಲ್ಲಿ ಇರಕೂಡದು. ಹಟ್ಟಿಗೊಂದು ಒಟ್ಟು ಸಂಖ್ಯೆ ಸಾಕು. ಪಟ್ಟಿಯನ್ನು ಮೊದಲು ನಿಮ್ಮ ವೈದ್ಯಾಧಿಕಾರಿಗಳಿಗೆ ತೋರಿಸಿ, ಅವರ ಒಪ್ಪಿಗೆಯ ನಂತರವೇ ಹೊರಗಿನವರಿಗೆ ಕೊಡಿ.