ಹಳೆಯ ಬಿಲ್ಲಿಂಗ್ ಸರ್ವರ್: ವಿಂಡೋಸ್‌ನಲ್ಲೇ ಉಳಿಯುವುದೇ, ಲಿನಕ್ಸ್‌ಗೆ ಹೋಗುವುದೇ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಹಾರ್ಡ್‌ವೇರ್ ಸಗಟು ವ್ಯಾಪಾರ, ಹರಿಹರ ಮತ್ತು ಚಿತ್ರದುರ್ಗದಲ್ಲಿ ಶಾಖೆಗಳಿವೆ. ನಮಗಾಗಿಯೇ ವಿಬಿ ಡಾಟ್‌ನೆಟ್‌ನಲ್ಲಿ ಬರೆಸಿದ ಬಿಲ್ಲಿಂಗ್ ತಂತ್ರಾಂಶವು ವಿಂಡೋಸ್ ಸರ್ವರ್ 2012 ಆರ್2 ಮತ್ತು ಎಸ್‌ಕ್ಯುಎಲ್ ಸರ್ವರ್ 2014 ಎಂಬ ಡೇಟಾಬೇಸ್ ತಂತ್ರಾಂಶದ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯ ಮೇಲೆ ನಡೆಯುತ್ತಿದೆ. ಡಿಸ್ಕಿನಲ್ಲಿ ಧಾರಾಳವಾಗಿ ಜಾಗವಿದ್ದರೂ ಬಿಲ್ ಉಳಿಸುವಾಗ ಜಾಗವಿಲ್ಲವೆಂಬ ಸಂದೇಶ ಬರುತ್ತಿದೆ. ಲಿನಕ್ಸ್ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಬದಲಾಗಿ ಎಂದು ಒಬ್ಬರು, ಎಲ್ಲವನ್ನೂ ಕ್ಲೌಡ್‌ಗೆ ಒಯ್ಯಿರಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮನ್ನು ಕಾಡುತ್ತಿರುವುದು ಡಿಸ್ಕ್ ಅಲ್ಲ, ಎಕ್ಸ್‌ಪ್ರೆಸ್ ಆವೃತ್ತಿಯ ಮಿತಿ ಇರಬೇಕು. 2014ರ ಆವೃತ್ತಿಯಲ್ಲಿ ಒಂದು ಡೇಟಾಬೇಸ್ 10 ಜಿಬಿ ಮೀರಿ ಬೆಳೆಯುವಂತಿಲ್ಲ. ಬರೀ ಬಿಲ್ಲುಗಳಿಂದ ಅಷ್ಟು ತುಂಬುವುದು ಅಪರೂಪ. ಖರೀದಿ ಬಿಲ್ಲುಗಳ ಸ್ಕ್ಯಾನ್ ಪ್ರತಿಗಳನ್ನು ಡೇಟಾಬೇಸ್‌ನ ಒಳಗೇ ಇಡುತ್ತಿದ್ದೀರಾ ಎಂದು ಮೊದಲು ನೋಡಿಸಿ. ಇದ್ದರೆ ಅವನ್ನು ಫೋಲ್ಡರ್‌ಗೆ ಸಾಗಿಸಿದ ಮಾತ್ರಕ್ಕೇ ಸದ್ಯದ ಅಡಚಣೆ ತೀರಬಹುದು.

ಹಾಗೆಂದು ಇದ್ದಲ್ಲೇ ಇರುವಂತೆಯೂ ಇಲ್ಲ. 2012 ಆರ್2ಗೆ ಮೈಕ್ರೋಸಾಫ್ಟ್‌ನ ವಿಸ್ತೃತ ಬೆಂಬಲ 2023ರ ಅಕ್ಟೋಬರ್‌ನಲ್ಲೂ, ಎಸ್‌ಕ್ಯುಎಲ್ ಸರ್ವರ್ 2014ರದು 2024ರ ಜುಲೈನಲ್ಲೂ ಮುಗಿದಿದೆ. ಹಣ ಕೊಟ್ಟು ಪಡೆಯುವ ಹೆಚ್ಚುವರಿ ಅವಧಿಯನ್ನು ಬಿಟ್ಟರೆ ಭದ್ರತಾ ತಿದ್ದುಪಡಿಗಳು ಬರುವುದಿಲ್ಲ.

ಪೋಸ್ಟ್‌ಗ್ರೆಸ್ ಅತ್ಯುತ್ತಮ ಡೇಟಾಬೇಸ್. ಹೊಸದಾಗಿ ಬರೆಸುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ನಿಮ್ಮ ದರ, ರಿಯಾಯಿತಿ, ತೆರಿಗೆಯ ಲೆಕ್ಕಗಳು ಸ್ಟೋರ್ಡ್ ಪ್ರೊಸೀಜರ್‌ಗಳಲ್ಲಿ, ಅಂದರೆ ಡೇಟಾಬೇಸ್‌ನ ಒಳಗೇ ಬರೆದಿಟ್ಟ ಪ್ರೋಗ್ರಾಂ ತುಣುಕುಗಳಲ್ಲಿ, ಕುಳಿತಿದ್ದರೆ, ಅವನ್ನು ಒಂದೊಂದಾಗಿ ಮತ್ತೆ ಬರೆದು, ಹಳೆಯ ಬಿಲ್ಲುಗಳೊಂದಿಗೆ ತಾಳೆ ನೋಡಬೇಕಾಗುತ್ತದೆ. ವಿಂಡೋಸ್ ಬಿಟ್ಟು ಲೈಸೆನ್ಸ್‌ನಲ್ಲಿ ಉಳಿಸಿದ ಹಣ ಈ ಕೂಲಿಗೇ ಹೋಗುತ್ತದೆ. ಗಿರಾಕಿಗಳ ಹೆಸರನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿಟ್ಟಿದ್ದರಂತೂ ಅವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಸಾಗಿಸಬೇಡಿ, ಹೊಸ ಪರದೆಯಲ್ಲಿ ಅವು ಓದಲು ಬಾರದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಆದ್ದರಿಂದ ಬೆಂಬಲವಿರುವ ವಿಂಡೋಸ್ ಸರ್ವರ್ ಹಾಕಿ, ಡೇಟಾಬೇಸ್‌ ಅನ್ನು ಎಸ್‌ಕ್ಯುಎಲ್ ಸರ್ವರ್ 2025ರ ಎಕ್ಸ್‌ಪ್ರೆಸ್‌ಗೆ ಏರಿಸುವುದೇ ನಿಮಗೆ ಸೂಕ್ತ. ಅದೂ ಉಚಿತವೇ, ಮಿತಿ ಮಾತ್ರ 50 ಜಿಬಿಗೆ ಏರಿದೆ. ವಿಂಡೋಸ್ ಸರ್ವರ್‌ಗೆ ಸಂಪರ್ಕಿಸುವ ಪ್ರತಿ ಬಳಕೆದಾರನಿಗೆ ಅಥವಾ ಕಂಪ್ಯೂಟರ್‌ಗೆ ಪ್ರತ್ಯೇಕ ಲೈಸೆನ್ಸ್ ಬೇಕೆಂಬುದನ್ನು ಕೊಟೇಶನ್ ಪಡೆಯುವಾಗಲೇ ಸೇರಿಸಿಸಿ. ಮಾರುವವರು ಇದನ್ನು ಮರೆಯುವುದುಂಟು.

ಕ್ಲೌಡ್ ವಿಷಯವನ್ನು ನಿಮ್ಮ ಇಂಟರ್ನೆಟ್ ಸಂಪರ್ಕವೇ ತೀರ್ಮಾನಿಸಬೇಕು. ಡೆಸ್ಕ್‌ಟಾಪ್ ತಂತ್ರಾಂಶವು ಒಂದು ಬಿಲ್ಲಿಗೆ ಹತ್ತಾರು ಬಾರಿ ಡೇಟಾಬೇಸ್‌ನೊಂದಿಗೆ ಮಾತಾಡುತ್ತದೆ. ಅಂಗಡಿಯೊಳಗಿನ ನೆಟ್‌ವರ್ಕ್‌ನಲ್ಲಿ ತಿಳಿಯದ ಆ ವಿಳಂಬವು ಮುಂಬೈಯ ಸರ್ವರ್‌ವರೆಗೆ ಹೋಗಿ ಬರುವಾಗ ಕೌಂಟರಿನ ಮುಂದೆ ಸಾಲು ನಿಲ್ಲಿಸುತ್ತದೆ. ಸದ್ಯಕ್ಕೆ ಬ್ಯಾಕಪ್ ಅನ್ನು ಮಾತ್ರ ಕ್ಲೌಡ್‌ಗೆ ಕಳುಹಿಸಿ. ಎಕ್ಸ್‌ಪ್ರೆಸ್‌ನಲ್ಲಿ ನಿಗದಿತ ವೇಳೆಗೆ ಬ್ಯಾಕಪ್ ತೆಗೆಯುವ ಏಜೆಂಟ್ ಇರುವುದಿಲ್ಲವಾದ್ದರಿಂದ ಅದನ್ನು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹೊಂದಿಸಿಕೊಳ್ಳಬೇಕು, ಮತ್ತು ಹಾಗೆ ತೆಗೆದ ಬ್ಯಾಕಪ್ ಅನ್ನು ತಿಂಗಳಿಗೊಮ್ಮೆಯಾದರೂ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು.