ಸರ್ಕಾರಿ ವಿಮೆ ಇದೆ, ಡಾಕ್ಟರ್ ಎಲ್ಲಿ?

ಪ್ರಶ್ನೆ: ಅಮ್ಮನಿಗೆ ಮರೆವು ಜಾಸ್ತಿಯಾಗಿದೆ, ಮಂಕಾಗಿ ಕೂತಿರುತ್ತಾರೆ. ಇರುವುದು ಸರ್ಕಾರಿ ಆರೋಗ್ಯ ವಿಮೆ ಮಾತ್ರ. ನರರೋಗ ತಜ್ಞರೋ, ಮನೋವೈದ್ಯರೋ? ಹುಡುಕುವುದು ಹೇಗೆ?

ಉತ್ತರ: ಮೊದಲು ನಿಮ್ಮ ಮಾಮೂಲಿ ಡಾಕ್ಟರ್ ಹತ್ತಿರ ಹೋಗಿ. ವಯಸ್ಸಾದವರಲ್ಲಿ ಖಿನ್ನತೆಯೂ ಮರೆವಿನ ವೇಷ ಹಾಕುತ್ತದೆ, ಥೈರಾಯ್ಡ್ ತೊಂದರೆ, ಬಿ12 ಕೊರತೆಯೂ ಅಷ್ಟೇ, ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿ ಯಾರನ್ನು ನೋಡಬೇಕು ಅಂತ ಅವರಿಂದಲೇ ರೆಫರಲ್ ಚೀಟಿ ಬರೆಸಿಕೊಳ್ಳಿ. ಚೀಟಿ ಇಲ್ಲದಿದ್ದರೆ ಎಷ್ಟೋ ವಿಮೆಗಳು ಹಣ ಕೊಡುವುದಿಲ್ಲ. ವಿಮೆಯವರ ಪಟ್ಟಿಯನ್ನು ಸುಮ್ನೆ ನಂಬಬೇಡಿ, ಹಳೆಯದಿರಬಹುದು. ಕ್ಲಿನಿಕ್‌ಗೇ ಫೋನ್ ಮಾಡಿ, ‘ಈ ವಿಮೆಯಲ್ಲಿ ಹೊಸ ರೋಗಿಗಳನ್ನು ನೋಡ್ತೀರಾ?’ ಅಂತ ಕೇಳಿ. ಯಾರೂ ಒಪ್ಪದಿದ್ದರೆ ಮೆಡಿಕಲ್ ಕಾಲೇಜು ಆಸ್ಪತ್ರೆ ನೋಡಿ. ಕಾಯಬೇಕಾಗುತ್ತದೆ, ಆದರೆ ಸಾಮಾನ್ಯವಾಗಿ ಎರಡೂ ವಿಭಾಗ ಅಲ್ಲೇ ಇರುತ್ತವೆ. ಆದರೆ ದಿಢೀರನೆ ಮಾತು ತೊದಲಿದರೆ ಚೀಟಿಗೀಟಿ ಬಿಟ್ಟು ಎಮರ್ಜೆನ್ಸಿಗೆ ಓಡಿ.