ಹುಡುಗರನ್ನು ಮೈದಾನಕ್ಕೆ ಕಳಿಸಬೇಡಿ

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ವರ್ಷಕ್ಕೊಮ್ಮೆ ಹುಡುಗಿಯರಿಗಷ್ಟೇ ಮುಟ್ಟು, ಎಚ್ಚರಿಕೆಯ ಬಗ್ಗೆ ಹೇಳಿಸುತ್ತೇವೆ, ಹುಡುಗರು ಆಗ ಮೈದಾನದಲ್ಲಿ. ಸಂಜೆ ಬಸ್ಸಿನಲ್ಲಿ ಮೈ ತಾಗಿಸುವವರು, ಫೋಟೊ ಹೊಡೆಯುವವರು ನಮ್ಮ ಒಂಬತ್ತನೇ ತರಗತಿಯವರೇ. ಇವರಿಗೆ ಹೇಗೆ ಹೇಳಲಿ?
– ಶಿಕ್ಷಕಿ, ಕುಮಟಾ

ಉತ್ತರ: ಮೊದಲು ಅವರನ್ನು ಒಳಗೆ ಕರೆಸಿ. ಕೈ ಚಾಚುವವನಿಗೆ ಪಾಠವಿಲ್ಲ, ವೇಲು ಸರಿ ಮಾಡಿಕೊಳ್ಳುವವಳಿಗೆ ಮಾತ್ರ ಇದೆ ಎಂದರೆ ಜವಾಬ್ದಾರಿ ಅವಳದ್ದೇ ಎಂದು ನಾವೇ ಕಲಿಸಿದ ಹಾಗಾಯಿತು.

ವಾರಕ್ಕೊಂದರಂತೆ 40 ನಿಮಿಷದ ನಾಲ್ಕು ಪೀರಿಯಡ್ ಹೊಂದಿಸಿಕೊಳ್ಳಿ. ಅಂಗಾಂಗದ ಚಿತ್ರದಿಂದ ಶುರುಮಾಡಿದರೆ ಕ್ಲಾಸು ಕಿಸಕ್ಕೆಂದು ನಕ್ಕು ಅಲ್ಲಿಗೇ ಕೆಡುತ್ತದೆ. ಅದು ಎರಡನೇ ವಾರಕ್ಕಿರಲಿ. ಮೊದಲ ದಿನ ಬಸ್ಸಿನದೇ ಪ್ರಸಂಗ ಕೊಡಿ: ಸೀಟಿಲ್ಲ, ಹಿಂದೆ ನಿಂತವನು ತಿರುವಿಲ್ಲದಲ್ಲೂ ಮೈಮೇಲೆ ವಾಲುತ್ತಾನೆ, ಗೆಳೆಯರು ನಗುತ್ತಾರೆ. ‘ಅವಳು ಏನು ಮಾಡಬೇಕಿತ್ತು’ ಎಂದು ಕೇಳಲೇಬೇಡಿ. ಅವನಿಗೆ ಇದು ಸಲೀಸು ಅನ್ನಿಸಿದ್ದೇಕೆ, ಗೆಳೆಯರು ಏನು ಮಾಡಬಹುದಿತ್ತು ಎಂದು ಕೇಳಿ. ಭುಜ ಹಿಡಿದು ‘ಈಚೆ ಬಾರೋ’ ಎನ್ನುವುದು, ನಡುವೆ ಹೋಗಿ ನಿಲ್ಲುವುದು, ಕಂಡಕ್ಟರಿಗೆ ಹೇಳುವುದು. ಇದನ್ನೆಲ್ಲ ಎದ್ದು ನಿಂತು, ಜೋರಾಗಿ ಅಭ್ಯಾಸ ಮಾಡಿಸಿ.

ಒಪ್ಪಿಗೆಯ ಪಾಠಕ್ಕೆ ಇಬ್ಬಿಬ್ಬರನ್ನು ಹತ್ತು ಅಡಿ ದೂರ ನಿಲ್ಲಿಸಿ (ಹುಡುಗ-ಹುಡುಗಿ ಜೋಡಿ ಬೇಡ, ನಾಚಿಕೆಯಲ್ಲೇ ಪೀರಿಯಡ್ ಮುಗಿಯುತ್ತದೆ). ಒಬ್ಬರು ನಡೆದು ಬರಲಿ, ಇನ್ನೊಬ್ಬರು ‘ಸಾಕು’ ಎಂದಲ್ಲಿ ನಿಲ್ಲಲಿ. ಎರಡನೇ ಸಲ ಮಾತಿಲ್ಲ, ಮುಖ ನೋಡಿಯೇ ನಿಲ್ಲಬೇಕು. ಸುಮ್ಮನಿರುವುದು, ಹಿಂದೆ ಸರಿಯುವುದು, ಅರೆನಗು ಯಾವುದೂ ‘ಹೂಂ’ ಅಲ್ಲವೆಂದು ಅಲ್ಲೇ ತಿಳಿಯುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ, 18 ತುಂಬದವರ ಒಪ್ಪಿಗೆಯನ್ನು ಒಪ್ಪಿಗೆಯೆಂದೇ ಎಣಿಸುವುದಿಲ್ಲ ಎಂಬುದನ್ನೂ ಹೇಳಿ.

ಹೆಸರು ಬರೆಯದೆ ಪ್ರಶ್ನೆ ಹಾಕಲು ಕ್ಲಾಸಿನಲ್ಲೊಂದು ಪೆಟ್ಟಿಗೆ ಇಡಿ. ಅದಕ್ಕೆ ಎಲ್ಲರೂ ಚೀಟಿ ಬರೆಯಲೇಬೇಕು. ಪ್ರಶ್ನೆಯಿಲ್ಲದವರು ಬೆಳಿಗ್ಗೆ ತಿಂದ ತಿಂಡಿಯ ಹೆಸರು ಬರೆಯಲಿ. ಇಲ್ಲವಾದರೆ ಯಾರ ಪೆನ್ನು ಓಡಿತೋ ಅವರತ್ತ ಎಲ್ಲರ ಕಣ್ಣು. ‘ಗುಟ್ಟಾಗಿಡುತ್ತೇನೆ’ ಎಂದು ಮಾತು ಕೊಡಬೇಡಿ. ದೌರ್ಜನ್ಯದ ವಿಷಯ ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಸ್ಟಾಫ್ ರೂಮಿನ ರಾಜಿ ಇಲ್ಲಿ ನಡೆಯುವುದಿಲ್ಲ. ಅಶ್ಲೀಲ ಫೋಟೊ ಓಡಾಡುತ್ತಿದ್ದರೆ ಸಾಕ್ಷಿಗೆಂದು ನಿಮ್ಮ ಮೊಬೈಲಿಗೆ ತರಿಸಿಕೊಳ್ಳಬೇಡಿ. ಯಾವ ನಂಬರಿನಿಂದ, ಎಷ್ಟು ಹೊತ್ತಿಗೆ ಬಂತೆಂದು ಬರೆದಿಟ್ಟು ಪೊಲೀಸರಿಗೆ ಕೊಡಿ. ಮಕ್ಕಳ ಸಹಾಯವಾಣಿ 1098 ಬೋರ್ಡಿನ ಮೇಲೆ ಅಳಿಸದೆ ಇರಲಿ.

ಪ್ರಶ್ನೆ: ಇಂಥ ಪಾಠದಿಂದ ಮಕ್ಕಳಿಗೆ ಇಲ್ಲದ ಆಸೆ ಹುಟ್ಟುವುದಿಲ್ಲವೇ?
– ಪಾಲಕರು, ಶಿರಸಿ

ಉತ್ತರ: ಇಲ್ಲ. ನಾನಾ ದೇಶಗಳ ಅಧ್ಯಯನಗಳನ್ನು ನೋಡಿದ ಯುನೆಸ್ಕೊದ 2018ರ ಮಾರ್ಗದರ್ಶಿ, ಇದರಿಂದ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲವೆಂದೇ ಹೇಳಿದೆ. ಅನುಮಾನವಿದ್ದರೆ ಪಾಲಕರ ಸಭೆಯಲ್ಲಿ ನಾಲ್ಕೂ ಪಾಠದ ವಿವರ ಕೇಳಿ ಪಡೆದು ಓದಿ. ಮಗನಿದ್ದರೆ ಅವನ ಜೊತೆ ಕೂತು ಓದಿ.